ಚೀಲದಲ್ಲಿರುವ ಬೋರ್ಡನ್ನು ಮೊದಲು ಹೊರಗೆ ತೆಗೆಯಿರಿ

ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಕನ್ನಡ ಮಾಧ್ಯಮ ಶಾಲೆಯೊಂದರ ಅಧ್ಯಾಪಿಕೆ ಬರೆದ ಪತ್ರದ ಸಾರ ಇದು:

“ನನ್ನ ನಾಲ್ಕನೇ ತರಗತಿಯಲ್ಲಿ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಸ್ನಾಯುಗಳು ಹಿಡಿತಕ್ಕೆ ಬಾರದ ಸ್ಥಿತಿ) ಇರುವ ಹುಡುಗಿಯೊಬ್ಬಳಿದ್ದಾಳೆ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಮಾತು ಬರುವುದಿಲ್ಲ. ಮಂಗಳೂರಿನ ಸ್ಪೀಚ್ ಥೆರಪಿಸ್ಟ್ ಒಬ್ಬರು, ಬೆರಳಿಟ್ಟು ತೋರಿಸಿ ಮಾತಾಡಲೆಂದು, ಚಿತ್ರಗಳ ಬೋರ್ಡು ಮಾಡಿಕೊಟ್ಟಿದ್ದಾರೆ. ದಿನಕ್ಕೊಮ್ಮೆ ಅದನ್ನು ಚೀಲದಿಂದ ತೆಗೆದು ‘ನೀರು ತೋರಿಸು, ಪುಸ್ತಕ ತೋರಿಸು’ ಎಂದು ಅಭ್ಯಾಸ ಮಾಡಿಸುತ್ತೇನೆ. ಮೊದಮೊದಲು ತೋರಿಸುತ್ತಿದ್ದಳು, ಈಗ ಮುಖ ತಿರುಗಿಸುತ್ತಾಳೆ. ಬೋರ್ಡು ಅಭ್ಯಾಸವಾದರೆ ಮುಂದೆ ಬರಬಹುದಾದ ಮಾತೂ ಬಾರದೆ ಹೋದೀತು ಎಂದು ತಾಯಿಗೆ ಹೆದರಿಕೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬ್ಲಾಕ್ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಿಂದ ಬರುವವರದ್ದು ಮಲಯಾಳ. ಬೋರ್ಡು ಯಾವ ಭಾಷೆಯಲ್ಲಿರಬೇಕು? ಒಬ್ಬಳಿಗಾಗಿ ಇಷ್ಟೆಲ್ಲ ಯಾಕೆ ಎಂದು ಸಹೋದ್ಯೋಗಿಗಳೂ ಕೇಳುತ್ತಾರೆ.”

ಟೀಚರಿಗೆ ನಮಸ್ಕಾರ.

ನಿಮ್ಮ ಪತ್ರ ಹಿಡಿದುಕೊಂಡು ಸ್ಪೀಚ್ ಥೆರಪಿ ಮಾಡುವವರೊಡನೆ, ವಿಶೇಷ ಮಕ್ಕಳ ಬಡ್ಸ್ ಶಾಲೆಯಲ್ಲಿ ಕಲಿಸುವವರೊಡನೆ ಮಾತಾಡಿದೆ. ಉತ್ತರ ಇಷ್ಟು ಉದ್ದವಾದದ್ದಕ್ಕೆ ಅರ್ಧ ಹೊಣೆ ಅವರದ್ದು.

ಹುಡುಗಿ ಮುಖ ತಿರುಗಿಸುತ್ತಾಳೆ ಎಂದಿರಿ. ತಿರುಗಿಸದೆ ಇನ್ನೇನು ಮಾಡಿಯಾಳು? ನೀರಿನ ಚಿತ್ರ ಯಾವುದೆಂದು ನಿಮಗೆ ಗೊತ್ತು, ಅವಳಿಗೂ ಗೊತ್ತು. ಆ ಹೊತ್ತಿಗೆ ಬಾಯಾರಿಕೆಯೂ ಇಲ್ಲ. ಗೊತ್ತಿದ್ದದ್ದನ್ನೇ ದಿನಾ ತೋರಿಸಲು ಹೇಳಿದರೆ ಅದು ಪರೀಕ್ಷೆಯಾಯಿತೇ ಹೊರತು ಮಾತುಕತೆಯಾಗಲಿಲ್ಲ. ಮಾತು ಬರುವ ಮಗು ಮೊದಲ ಶಬ್ದ ಆಡುವುದಕ್ಕೆ ಮುಂಚೆ ಸುಮಾರು ಒಂದು ವರ್ಷ ಸುತ್ತಲಿನವರ ಮಾತನ್ನು ಕೇಳಿಕೊಂಡಿರುತ್ತದೆ. ಈ ಹುಡುಗಿಯ ಜೊತೆ ಬೋರ್ಡಿನಲ್ಲಿ ಮಾತಾಡಿದವರು ಯಾರು? ನಿಮ್ಮ ಪತ್ರ ನೋಡಿದರೆ ಯಾರೂ ಇದ್ದಂತಿಲ್ಲ.

ಆದ್ದರಿಂದ ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ. ಬೋರ್ಡಿನ ಮೇಲೆ ಮೊದಲು ನಿಮ್ಮ ಬೆರಳು ಓಡಲಿ. “ಇವತ್ತು ಮಳೆ ಜೋರು, ಆಟಕ್ಕೆ ಹೊರಗೆ ಹೋಗುವುದು ಬೇಡ” ಎಂದು ಬಾಯಲ್ಲಿ ಹೇಳುತ್ತಾ ‘ಇವತ್ತು’, ‘ಆಟ’, ‘ಬೇಡ’ ಎಂಬ ಮೂರು ಮನೆಗಳನ್ನು (ಚಿತ್ರದ ಚೌಕಗಳನ್ನು) ಮುಟ್ಟಿ. ಎಲ್ಲ ಶಬ್ದ ಮುಟ್ಟಬೇಕಾಗಿಲ್ಲ. ಅವಳಿಂದ ಉತ್ತರ ಬರಲೇಬೇಕು ಎಂದೂ ಇಲ್ಲ. ಇದಕ್ಕೆ ಥೆರಪಿಸ್ಟರು ಮಾಡೆಲಿಂಗ್ ಎನ್ನುತ್ತಾರೆ. ವಾರಗಟ್ಟಲೆ, ತಿಂಗಳುಗಟ್ಟಲೆ ಹೀಗೆ ಮಾಡುತ್ತಾ ಇರಬೇಕು, ಅಷ್ಟೆ. ಅಭ್ಯಾಸಕ್ಕೆಂದು ಬೇರೆ ಪೀರಿಯಡ್ ಬೇಡ.

ಎರಡನೆಯದು ಕಾಯುವುದು. ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ನಾನು ಕಂಡದ್ದು: ಬಡಿಸುವವರು ಸಾಂಬಾರಿನ ಸೌಟು ಎತ್ತಿ “ಬೇಕಾ ಮಗಾ?” ಎಂದು ಪ್ರೀತಿಯಿಂದಲೇ ಕೇಳಿದರು. ಹುಡುಗ ಮೊದಲು ಭುಜ ಎತ್ತಿದ. ಆಮೇಲೆ ಮೊಣಕೈ ಮೇಲೆದ್ದಿತು. ಕೈ ನಡುಗುತ್ತಾ ಬೋರ್ಡಿನ ಮೂಲೆಗೆ ಹೋಗಿ, ಜಾರಿ, ಮತ್ತೆ ಹಿಂದಕ್ಕೆ ಬಂದು ‘ಬೇಡ’ದ ಮೇಲೆ ನಿಂತಿತು. ಅಷ್ಟರಲ್ಲಿ ಸಾಂಬಾರು ಅನ್ನದ ಮೇಲಿತ್ತು, ಸೌಟು ನಾಲ್ಕು ಬಟ್ಟಲು ಮುಂದೆ ಹೋಗಿತ್ತು. ಹತ್ತು ಸೆಕೆಂಡಿಗಿಂತ ಹೆಚ್ಚಾಗಿರಲಿಕ್ಕಿಲ್ಲ. ನಮಗೆ ಮಾತಿನ ನಡುವೆ ಎರಡು ಸೆಕೆಂಡು ಸುಮ್ಮನಿರುವುದೇ ಕಷ್ಟ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆ ಹೊತ್ತಿನಲ್ಲಿ ಪ್ರಶ್ನೆಯನ್ನು ಪುನಃ ಕೇಳಬಾರದು, ಕೇಳಿದರೆ ಪಾಪ, ಅವಳು ಮೊದಲಿಂದ ಸುರು ಮಾಡಬೇಕಾಗುತ್ತದೆ. ನೆನಪಿಡಿ, ಸಹಾಯ ಮಾಡುತ್ತೇನೆಂದು ಅವಳ ಕೈ ಹಿಡಿದು ಚಿತ್ರದ ಮೇಲೆ ಇಡಬೇಡಿ. ಹಾಗೆ ಇಟ್ಟರೆ ಬರುವ ಉತ್ತರ ನಿಮ್ಮದು, ಅವಳದ್ದಲ್ಲ. ಬೇಕಿದ್ದರೆ ಬೋರ್ಡನ್ನು ಓರೆ ಮಾಡಿ ಹಿಡಿಯಿರಿ, ಕಾಲಿಗೆ ಆಧಾರ ಕೊಡಿ, ಬೆನ್ನು ನೆಟ್ಟಗೆ ನಿಲ್ಲುವಂತೆ ಕೂರಿಸಿ. ಕೈ ತೀರಾ ಕೇಳದಿದ್ದರೆ ನೀವು ಒಂದೊಂದೇ ಸಾಲಿನ ಮೇಲೆ ಬೆರಳಿಡುತ್ತಾ ಬನ್ನಿ, ಸರಿಯಾದ ಸಾಲಿಗೆ ಬಂದಾಗ ಅವಳು ಕಣ್ಣಿನಲ್ಲೋ ಸ್ವರದಲ್ಲೋ ಹೌದು ಎನ್ನಲಿ, ಆಮೇಲೆ ಆ ಸಾಲಿನ ಮನೆಗಳಲ್ಲಿ ಹಾಗೆಯೇ ಮಾಡಿ.

ಇನ್ನು ತಾಯಿಯ ಹೆದರಿಕೆ. ಮಂಗಳೂರಿನಲ್ಲೂ ಬೆಂಗಳೂರಿನಲ್ಲೂ ತಾಯಂದಿರು ಇದನ್ನೇ ಕೇಳುತ್ತಾರಂತೆ. ಈ ವಿಷಯದಲ್ಲಿ ಅದುವರೆಗೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಮರ್ಶೆ 2006ರಲ್ಲಿ ಪ್ರಕಟವಾಗಿದೆ. ಸಾಕ್ಷ್ಯ ಗಟ್ಟಿಯಾಗಿದ್ದ 27 ಮಂದಿಯಲ್ಲಿ ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ, ಶೇಕಡಾ 89 ಮಂದಿಯಲ್ಲಿ ಹೆಚ್ಚಿತ್ತು. ಹೆಚ್ಚಿದ್ದು ಸ್ವಲ್ಪವೇ ಎಂಬುದನ್ನೂ ಅದೇ ವಿಮರ್ಶೆ ಹೇಳುತ್ತದೆ. ಆದ್ದರಿಂದ ತಾಯಿಗೆ “ಬೋರ್ಡಿನಿಂದ ಮಾತು ಬರುತ್ತದೆ” ಎಂದು ಭರವಸೆ ಕೊಡಬೇಡಿ. “ಬೋರ್ಡಿನಿಂದ ಮಾತು ನಿಲ್ಲುವುದಿಲ್ಲ, ಅಷ್ಟರವರೆಗೆ ಮಗಳು ನಿಮ್ಮೊಡನೆ ಏನಾದರೂ ಹೇಳಲಿಕ್ಕಾಗುತ್ತದೆ” ಎನ್ನಿ, ಅದು ಸತ್ಯ.

ಬೋರ್ಡಿನಲ್ಲಿ ಏನೇನಿದೆ ಎಂದು ನೀವು ಬರೆದಿಲ್ಲ. ಸಾಮಾನ್ಯವಾಗಿ ಇರುವುದು ಸೇಬು, ಬಾಳೆಹಣ್ಣು, ನೀರು, ಶೌಚಾಲಯ, ಚೆಂಡು. ಇಷ್ಟರಲ್ಲಿ ಕೇಳಿ ಪಡೆಯುವುದು ಮಾತ್ರ ಸಾಧ್ಯ, ಜಗಳ ಮಾಡಲಾಗುವುದಿಲ್ಲ. ‘ಬೇಡ’, ‘ಸಾಕು’, ‘ಇನ್ನೂ’, ‘ಯಾಕೆ’, ‘ನನ್ನ ಸರದಿ’, ‘ಸುಳ್ಳು’, ‘ಬೇಜಾರು’ ಇವೆಲ್ಲ ಬೇಕು. ‘ನಾನು ಹೇಳಲಿಕ್ಕಿರುವುದು ಇದರಲ್ಲಿಲ್ಲ’ ಎಂಬ ಮನೆಯೊಂದು ಬೇಕೇ ಬೇಕು, ಅದಿಲ್ಲದ ಬೋರ್ಡು ಅವಳನ್ನು ಕಟ್ಟಿಹಾಕುತ್ತದೆ. ‘ನೋವು’, ‘ಮುಟ್ಟಬೇಡಿ’, ‘ನನಗೆ ಇಷ್ಟ ಇಲ್ಲ’ ಮತ್ತು ದೇಹದ ಎಲ್ಲ ಭಾಗಗಳ ಹೆಸರುಗಳೂ ಇರಲಿ. ಇದನ್ನು ಬರೆಯುವಾಗ ಸಂಕೋಚಪಡುವ ಕಾಲ ಅಲ್ಲ ಇದು. ಹೇಳಲಾರದ ಮಗುವಿನ ಮೇಲೆ ಕೈ ಮಾಡುವವನಿಗೆ ಅವಳು ಹೇಳಲಾರಳು ಎಂಬುದೇ ಧೈರ್ಯ.

ಚಿತ್ರಗಳಿಗೆ ಸ್ಪೇನಿನ ಅರಗಾನ್ ಸರಕಾರದ ಅರಸಾಕ್ ಸಂಗ್ರಹ ಇದೆ, ವ್ಯಾಪಾರಕ್ಕಲ್ಲದಿದ್ದರೆ ಉಚಿತ. ಅಲ್ಲಿ ಸಿಗದ ಗೋಳಿಬಜೆ, ಭೂತಕೋಲ, ಯಕ್ಷಗಾನದ ಕಿರೀಟ, ಪೆರ್ಲದ ಬಸ್ಸು ಇವಕ್ಕೆ ಮೊಬೈಲಿನಲ್ಲಿ ತೆಗೆದ ಫೋಟೋ ಸಾಕು. ರಾತ್ರಿ ಯಕ್ಷಗಾನದ ಆಟ ನೋಡಿ ಬಂದ ಹುಡುಗಿಗೆ ಮರುದಿನ ಅದರ ಸುದ್ದಿ ಹೇಳಲಿಕ್ಕಿರುತ್ತದಲ್ಲ.

ಕನ್ನಡದ ಬೋರ್ಡಿಗೆ ಇನ್ನೊಂದು ತೊಡಕಿದೆ. ಈ ಬೋರ್ಡುಗಳ ಮಾದರಿ ಇಂಗ್ಲಿಷಿನದ್ದು, ಅಲ್ಲಿ ‘ನಾನು’ ಎಂಬ ಒಂದು ಮನೆಯಿದ್ದರೆ ಬಹಳಷ್ಟು ಕೆಲಸ ನಡೆಯುತ್ತದೆ. ನಮಗೆ ‘ನಾನು ನೀರು ಬೇಕು’ ಆಗುವುದಿಲ್ಲ, ‘ನನಗೆ’ ಬೇಕು. ಹಾಗಾಗಿ ‘ನಾನು’, ‘ನನಗೆ’, ‘ನನ್ನ’ ಮೂರನ್ನೂ ಒಂದೇ ಬಣ್ಣದಲ್ಲಿ ಅಕ್ಕಪಕ್ಕ ಇಡಿ. ಕ್ರಿಯಾಪದಕ್ಕೆ ಒಂದೇ ರೂಪ ಸಾಕು. ‘ಹೋಗು’ ಜೊತೆಗೆ ‘ಆಯ್ತು’, ‘ನಾಳೆ’, ‘ಇಲ್ಲ’ ಇದ್ದರೆ ಅವಳು ಕಾಲವನ್ನೂ ಹೇಳಿಬಿಡುತ್ತಾಳೆ. ಅವಳು ‘ಅಜ್ಜಿ ಮನೆ ಹೋಗು ಆಯ್ತು’ ಎಂದು ತೋರಿಸಿದರೆ ತಿದ್ದಬೇಡಿ. “ಓ, ಅಜ್ಜಿ ಮನೆಗೆ ಹೋಗಿ ಬಂದೆಯಾ?” ಎಂದು ನೀವು ಪೂರ್ತಿ ವಾಕ್ಯದಲ್ಲಿ ಹೇಳಿ ಮಾತು ಮುಂದುವರಿಸಿ.

ಜೊತೆಗೆ ಅಕ್ಷರದ ಹಾಳೆಯೊಂದನ್ನು ಈಗಲೇ ಮಾಡಿ. ಚಿತ್ರದಲ್ಲಿ ನಾವು ಇಟ್ಟದ್ದನ್ನು ಮಾತ್ರ ಹೇಳಲಾಗುತ್ತದೆ, ಅಕ್ಷರದಲ್ಲಿ ಅವಳಿಗೆ ಬೇಕಾದ್ದನ್ನೆಲ್ಲ ಹೇಳಲಾಗುತ್ತದೆ. ಕಾಗುಣಿತ ಬರೆಯಲು ಹೋದರೆ ಹಾಳೆ ಸಾಲದು. ಸ್ವರಗಳನ್ನು ಮೇಲೆ, ವರ್ಗಗಳನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ‘ಕ’ ತೋರಿಸಿ ‘ಇ’ ತೋರಿಸಿದರೆ ‘ಕಿ’ ಎಂದು ತರಗತಿಯಲ್ಲಿ ಒಪ್ಪಂದ ಮಾಡಿಕೊಳ್ಳಿ. ಒತ್ತಕ್ಷರದ ಗೋಜು ಈಗ ಬೇಡ, ‘ಅಮ’ ಎಂದರೆ ಅಮ್ಮ ಎಂದು ಯಾರಿಗೂ ತಿಳಿಯುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮುಂಬಯಿಯ ಮಾಲಿನಿ ಚಿಬ್ ಒಂದೇ ಬೆರಳಿನಲ್ಲಿ ಟೈಪ್ ಮಾಡಿ ಲಂಡನ್ನಿನಲ್ಲಿ ಎರಡು ಸ್ನಾತಕೋತ್ತರ ಪದವಿ ಪಡೆದವರು. ಎಲ್ಲರೂ ಅಷ್ಟು ದೂರ ಹೋಗುತ್ತಾರೆ ಎಂದಲ್ಲ, ಆದರೆ ಅಕ್ಷರವನ್ನೇ ಕಲಿಸದಿದ್ದರೆ ಯಾರೂ ಹೋಗುವುದಿಲ್ಲ.

ಭಾಷೆಯ ಪ್ರಶ್ನೆಗೆ ಬರುತ್ತೇನೆ. “ಒಂದೇ ಭಾಷೆ ಮಾತಾಡಿ, ಮಗುವಿಗೆ ಗೊಂದಲವಾಗುತ್ತದೆ” ಎಂಬ ಸಲಹೆ ಇಂಥ ಮನೆಗಳಿಗೆಲ್ಲ ಧಾರಾಳವಾಗಿ ಸಿಗುತ್ತದೆ. ಅದಕ್ಕೆ ಆಧಾರವಿಲ್ಲ. ಅವಳ ಅಮ್ಮ ಅಡುಗೆಮನೆಯಲ್ಲಿ ‘ಬೋಡು’ ಎಂದೇ ಹೇಳಲಿ, ನೀವು ‘ಬೇಕು’ ಎನ್ನಿ, ಮುಟ್ಟುವ ಚಿತ್ರ ಒಂದೇ. ತುಳುವನ್ನೂ ನಾವು ಕನ್ನಡ ಲಿಪಿಯಲ್ಲೇ ಬರೆಯುವುದರಿಂದ ಚಿತ್ರದ ಮೇಲೆ ಕನ್ನಡ, ಕೆಳಗೆ ತುಳು ಹಾಕಲು ಅಡ್ಡಿಯಿಲ್ಲ. ಬಿಆರ್‌ಸಿಯವರು ತಮ್ಮ ಪ್ರತಿಯಲ್ಲಿ ಮಲಯಾಳ ಬರೆದುಕೊಳ್ಳಲಿ. ಆದರೆ ಶಾಲೆಯ ಬೋರ್ಡು ಅವರ ಅನುಕೂಲಕ್ಕೆ ಮಲಯಾಳಕ್ಕೆ ತಿರುಗಬಾರದು. ಕನ್ನಡ ತಿಳಿಯದ ಅಧ್ಯಾಪಕರನ್ನು ಕನ್ನಡ ಶಾಲೆಗೆ ಹಾಕಬೇಡಿ ಎಂದು ನಾವು ಕಾಸರಗೋಡಿನವರು ಧರಣಿ ಕೂತವರು. ಮಗು ತನಗೆ ತಿಳಿಯುವ ಭಾಷೆಯಲ್ಲಿ ಕಲಿಯಬೇಕು ಎಂಬುದು ನಮ್ಮ ವಾದ. ಆ ವಾದ ಈ ಹುಡುಗಿಗೂ ಸಲ್ಲುತ್ತದೆ. ನಿಮ್ಮ ಸಹೋದ್ಯೋಗಿಗಳು ‘ಒಬ್ಬಳಿಗಾಗಿ ಯಾಕೆ’ ಎಂದು ಕೇಳಿದರೆ ಇದನ್ನು ನೆನಪಿಸಿ. ನಾಲ್ಕು ಮಕ್ಕಳಿದ್ದರೂ ಕನ್ನಡ ಡಿವಿಷನ್ ಮುಚ್ಚಬಾರದು ಎನ್ನುವವರೂ ಅವರೇ ತಾನೆ?

ಹೆಡ್‌ಮಾಸ್ಟರಿಗೆ ಮಾತ್ರ ಕಾಯಿದೆ ತೋರಿಸುವುದು ಒಳ್ಳೆಯದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 17ನೇ ಸೆಕ್ಷನ್, ಮಾತಿಗೆ ಪೂರಕವಾದ ಮತ್ತು ಪರ್ಯಾಯವಾದ ಸಂವಹನ ವಿಧಾನಗಳನ್ನು ಶಿಕ್ಷಣದಲ್ಲಿ ಉತ್ತೇಜಿಸಬೇಕು ಎನ್ನುತ್ತದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯದ ಸರ್ಟಿಫಿಕೇಟ್ ಇರುವ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ ಮತ್ತು ಸಾಧನ ಉಚಿತ, ವೈಕಲ್ಯವಿರುವ ಮಕ್ಕಳಿಗೆಲ್ಲ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಜನ, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇವೂ ಅದೇ ಸೆಕ್ಷನ್ನಿನಲ್ಲಿವೆ. ಸರ್ಟಿಫಿಕೇಟ್ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ಟ್ಯಾಬ್ ಕೊಡಿಸಲು ಪಂಚಾಯತಿನ ಮೆಂಬರ್ ತಯಾರಿದ್ದಾರೆ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ಬೇಡ ಎನ್ನುವುದಿಲ್ಲ. ಚೆನ್ನೈಯಲ್ಲಿ ಹುಟ್ಟಿದ ಆವಾಜ್, ಐಐಟಿ ಬಾಂಬೆಯಲ್ಲಿ ರೂಪುಗೊಂಡ ಜೆಲ್ಲೋ ನಮ್ಮ ದೇಶದ ಮಕ್ಕಳಿಗಾಗಿಯೇ ಮಾಡಿದ ಆ್ಯಪ್‌ಗಳು. ಇಳಿಸಿಕೊಳ್ಳುವಾಗ ಕನ್ನಡದ ಧ್ವನಿ ಹೇಗಿದೆ ಎಂದು ಕೇಳಿ ನೋಡಿ, ನಮಗೆ ಬೇಕಾದ ಧ್ವನಿ ರೆಕಾರ್ಡ್ ಮಾಡುವ ಸೌಕರ್ಯವಿದ್ದರೆ ಅವಳದ್ದೇ ಪ್ರಾಯದ ಹುಡುಗಿಯಿಂದ ಹೇಳಿಸಿ. ಆದರೆ ಟ್ಯಾಬ್ ಬಂತೆಂದು ಕಾಗದದ ಬೋರ್ಡನ್ನು ಕಪಾಟಿಗೆ ಹಾಕಬೇಡಿ. ಆಟಿ ತಿಂಗಳ ಮಳೆಯಲ್ಲಿ ಎಷ್ಟು ಹೊತ್ತು ಕರೆಂಟು ಇರುತ್ತದೆ ಎಂದು ನಿಮಗೇ ಗೊತ್ತು. ಲ್ಯಾಮಿನೇಟ್ ಮಾಡಿದ ಎರಡು ಮೂರು ಪ್ರತಿ ಇರಲಿ. ಒಂದು ಡೆಸ್ಕಿನ ಮೇಲೆ, ಒಂದು ಮನೆಯಲ್ಲಿ. ಗಲಾಟೆ ಮಾಡಿದಳೆಂದು ಬೋರ್ಡನ್ನು ತೆಗೆದಿಡುವುದು ಮಾತ್ರ ಖಂಡಿತ ಕೂಡದು. ಬೇರೆ ಮಕ್ಕಳು ಗಲಾಟೆ ಮಾಡಿದರೆ ಅವರ ನಾಲಿಗೆ ತೆಗೆದಿಡುತ್ತೇವೆಯೇ?

ತರಗತಿಯ ಬೇರೆ ಮಕ್ಕಳ ಬಗ್ಗೆ ಚಿಂತೆ ಬೇಡ, ಅವರು ನಮಗಿಂತ ಬೇಗ ಕಲಿಯುತ್ತಾರೆ. ಒಬ್ಬಳನ್ನೇ ‘ಸಹಾಯಕಿ’ ಎಂದು ನೇಮಿಸಬೇಡಿ, ಕೊನೆಗೆ ಅವಳೇ ಎಲ್ಲದಕ್ಕೂ ಉತ್ತರ ಕೊಡತೊಡಗುತ್ತಾಳೆ.

ಎಣ್ಮಕಜೆ ಎಂದ ಕೂಡಲೇ ಓದುಗರಿಗೆ ಎಂಡೋಸಲ್ಫಾನ್ ಕೀಟನಾಶಕದ ದುರಂತ ನೆನಪಾಗುತ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸುವುದು ನಿಂತದ್ದು 2000ದಲ್ಲಿ, ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹೇರಿದ್ದು 2011ರಲ್ಲಿ. ಈ ಹುಡುಗಿಯ ಸ್ಥಿತಿಗೆ ಕಾರಣ ಏನೆಂದು ನಾನು ಕೇಳುವುದಿಲ್ಲ, ಬೋರ್ಡು ಕಲಿಸಲು ಅದು ಬೇಕಾಗಿಯೂ ಇಲ್ಲ. ಅವಳ ಫೋಟೋ ತೆಗೆಯಲು ಯಾರಾದರೂ ಬಂದರೆ ಮೊದಲು ಬೋರ್ಡು ಮುಂದಿಟ್ಟು ಅವಳನ್ನೇ ಕೇಳಿ, ‘ಬೇಡ’ ಎಂದರೆ ಅಲ್ಲಿಗೆ ಮುಗಿಯಿತು.

ಬೋರ್ಡನ್ನು ಪುನಃ ನೋಡಿಸಬೇಕಾದರೆ ಮಂಗಳೂರಿನವರಲ್ಲಿಗೇ ಹೋಗಬಹುದು. ವಿಸ್ತಾರವಾದ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಸ್ಥಾಪನೆಯಾದದ್ದು, ಕನ್ನಡದಲ್ಲೇ ಮಾತಾಡಿ ಬರಬಹುದು.

ಒಂದು ಕೆಲಸಕ್ಕೆ ಮಾತ್ರ ದಿನ ಕಡಿಮೆ ಇದೆ. ನಾಲ್ಕನೆಯದು ಮುಗಿದರೆ ಅವಳು ಬೇರೆ ಶಾಲೆಗೆ ಹೋಗುತ್ತಾಳೆ. ಜೂನ್‌ನಲ್ಲಿ ಹೊಸ ಟೀಚರು ಬೋರ್ಡನ್ನು ಪುನಃ ಚೀಲಕ್ಕೆ ಹಾಕದಂತೆ, ಪರೀಕ್ಷೆ ಸುರುವಾಗುವ ಮೊದಲೇ ಒಂದು ಪುಟ ಬರೆದಿಡಿ. ಅವಳು ಹೌದು ಎನ್ನುವುದು ಹೇಗೆ, ಅಲ್ಲ ಎನ್ನುವುದು ಹೇಗೆ, ಎಷ್ಟು ಹೊತ್ತು ಕಾಯಬೇಕು, ಯಾವ ಕೈ ಚೆನ್ನಾಗಿ ಕೇಳುತ್ತದೆ, ಯಾವುದಕ್ಕೆ ನಗುತ್ತಾಳೆ. ಬರೆದದ್ದನ್ನು ಅವಳಿಗೆ ಓದಿ ಹೇಳಿ, ಅವಳು ಸೇರಿಸು ಎಂದದ್ದನ್ನು ಸೇರಿಸಿ, ತೆಗೆ ಎಂದದ್ದನ್ನು ತೆಗೆದು, ಒಂದು ಪ್ರತಿ ತಾಯಿಯ ಕೈಗೆ ಕೊಡಿ.

— ಸಂಪಾದಕ