ಕೂಲಂಟ್ ಇಳಿಯುತ್ತಿದೆ, ಕಾರಿನ ಕೆಳಗೆ ಹನಿಯೂ ಇಲ್ಲ

ವಾರಕ್ಕೊಮ್ಮೆ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಬಾಟಲಿಯ ಮಿನ್ ಗೆರೆಗಿಂತ ಕೆಳಗಿಳಿಯುತ್ತದೆ, ನೆಲದಲ್ಲಿ ಒಂದು ಹನಿಯೂ ಕಾಣುವುದಿಲ್ಲ, ನಲ್ಲಿ ನೀರು ಹಾಕಿಕೊಂಡು ಪುಣೆಯಿಂದ ಹುಬ್ಬಳ್ಳಿಗೆ ಹೋಗಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹೋಗಬೇಡಿ. ಎಲ್ಲಿ ಸೋರುತ್ತಿದೆ ಅಂತ ಮೊದಲು ಗೊತ್ತಾಗಲಿ.

ನಾನಿರುವುದು ಪುಣೆ ಪಕ್ಕದ ಚಿಂಚವಾಡದಲ್ಲಿ. ಹೀಗೇ ನೀರು ಹಾಕಿಕೊಂಡು ಒಂದು ಮೇ ತಿಂಗಳಲ್ಲಿ ಊರಿಗೆ ಹೊರಟಿದ್ದೆ. ಖಂಬಾಟ್ಕಿ ಘಾಟ್ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ಹಿಂದಿನ ಸೀಟಿನಲ್ಲಿ ಮಕ್ಕಳು. ಪಕ್ಕಕ್ಕೆ ನಿಲ್ಲಿಸಿ, ಬಾನೆಟ್ ತೆಗೆದು, ಕೂಲಂಟ್ ತಣಿಸುವ ರೇಡಿಯೇಟರಿನ ಕ್ಯಾಪಿಗೆ ಕೈ ಹಾಕಿದ್ದೆ ಅಷ್ಟೇ, ಲಾರಿ ಡ್ರೈವರ್ ಒಬ್ಬರು 'ಹಾತ್ ಲಾವೂ ನಕಾ!' (ಕೈ ಹಚ್ಚಬೇಡಿ) ಅಂತ ಕೂಗುತ್ತಾ ಓಡಿ ಬಂದರು. ಒಳಗಿನ ಒತ್ತಡದಿಂದಾಗಿ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಕ್ಯಾಪ್ ತೆಗೆದ ಕ್ಷಣ ಕುದ್ದು ಮುಖಕ್ಕೇ ಚಿಮ್ಮುತ್ತದೆ. ಅವತ್ತು ಅವರು ಬರದಿದ್ದರೆ ಏನಾಗುತ್ತಿತ್ತೋ, ಈಗಲೂ ನೆನಪಾಗುತ್ತದೆ.

ಆಮೇಲೆ ಗ್ಯಾರೇಜಿನಲ್ಲಿ ಪ್ರೆಶರ್ ಟೆಸ್ಟ್ ಮಾಡಿಸಿದೆ. ಕ್ಯಾಪಿನ ಜಾಗಕ್ಕೆ ಕೈಪಂಪ್ ಸಿಕ್ಕಿಸಿ ಸುಮಾರು 15 ಪಿಎಸ್‌ಐ ಒತ್ತಡ ಕೊಟ್ಟರು. ಪಂಪಿನ ಮುಳ್ಳು ನಿಲ್ಲಲೇ ಇಲ್ಲ, ಮೆಲ್ಲಗೆ ಇಳಿಯುತ್ತಾ ಹೋಯಿತು. ಟಾರ್ಚ್ ಬಿಟ್ಟು ನೋಡಿದರೆ, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂಗೆ ಸೇರುವ ಅಂಚಿನಲ್ಲಿ ಗುಲಾಬಿ ಬಣ್ಣದ ಒಣ ಹಕ್ಕಳೆ, ಅದರ ಮೇಲೆ ಸಾಸಿವೆಯಷ್ಟು ಹೊಸ ಹನಿ. ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಅಲ್ಲಿ ಸೋರುತ್ತಿತ್ತು, ಬಿಸಿಗೂ ಫ್ಯಾನ್ ಗಾಳಿಗೂ ಅಲ್ಲೇ ಆರಿಹೋಗುತ್ತಿತ್ತು. ನೆಲಕ್ಕೆ ಬೀಳುವುದಾದರೂ ಹೇಗೆ? ನಿಮ್ಮದೂ ಇದೇ ಇರಬಹುದು. ಹೋಸ್ ಕ್ಲ್ಯಾಂಪ್, ವಾಟರ್ ಪಂಪ್ ಕೂಡ ನೋಡಿಸಿ. ಮುಂದಿನ ಕಾರ್ಪೆಟ್ ಒದ್ದೆಯಾಗಿ ಒಳಗೆ ಸಿಹಿ ವಾಸನೆ ಬಂದರೆ, ಸೋರುತ್ತಿರುವುದು ಹೀಟರ್ ಕೋರ್ (ಕಾರಿನೊಳಗೆ ಬಿಸಿಗಾಳಿ ಕೊಡುವ ಪುಟ್ಟ ರೇಡಿಯೇಟರ್) ಇರಬಹುದು. ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆ, ಆಯಿಲ್ ಹಾಲು ಬೆರೆಸಿದಂತೆ ಆಗಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಹೆಡ್ಡಿಗೂ ನಡುವಿನ ಸೀಲ್) ಮೇಲೆ ಅನುಮಾನ. ಆಗ ಕಾರು ಓಡಿಸಲೇಬೇಡಿ.

ಮಟ್ಟ ನೋಡುವುದು ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಸಮ ನೆಲದಲ್ಲಿ. ಬಾಟಲಿ ಒಂದನ್ನೇ ನಂಬಬೇಡಿ. ರೇಡಿಯೇಟರಿಗೆ ಬೇರೆ ಕ್ಯಾಪ್ ಇದ್ದರೆ ಅದನ್ನೂ ತೆಗೆದು ನೋಡಿ. ಬಾಟಲಿ ತುಂಬಿದ್ದು ರೇಡಿಯೇಟರ್ ಖಾಲಿ ಇರುವುದೂ ಉಂಟು.

ಅರಿಶಿನ ಪುಡಿ ಹಾಕಿ ಅನ್ನುವವರು ಸಿಗುತ್ತಾರೆ, ಹಾಕಬೇಡಿ. ತೂತು ಮುಚ್ಚುವ ಪುಡಿ ಸಣ್ಣ ನಳಿಗೆಗಳನ್ನೂ ಮುಚ್ಚುತ್ತದೆ. ನಲ್ಲಿ ನೀರಿನ ಉಪ್ಪು ಒಳಗೆ ಕಟ್ಟಿಕೊಳ್ಳುತ್ತದೆ, ಸುಮ್ನೆ ಬೇಡ. ರಿಪೇರಿ ಆದಮೇಲೆ ಹಳೆಯದನ್ನೆಲ್ಲ ತೆಗೆಸಿ, ಮ್ಯಾನುಯಲ್‌ನಲ್ಲಿ ಹೇಳಿದ ಕೂಲಂಟನ್ನೇ ಡಿಸ್ಟಿಲ್ಡ್ ವಾಟರ್ ಜೊತೆ ಹಾಕಿಸಿ. ಸಾಮಾನ್ಯವಾಗಿ ಅರ್ಧಕ್ಕರ್ಧ.

ದಾರಿಯಲ್ಲಿ ಮುಳ್ಳು ಏರಿದರೆ ಎಸಿ ಆರಿಸಿ, ಹೀಟರ್ ಫುಲ್ ಇಡಿ, ನಿಲ್ಲಿಸಲು ಜಾಗ ಸಿಕ್ಕ ಕೂಡಲೇ ಎಂಜಿನ್ ಆಫ್ ಮಾಡಿ. ಕ್ಯಾಪ್ ಮುಟ್ಟುವ ಮುನ್ನ ಅರ್ಧ ಗಂಟೆಗಿಂತ ಜಾಸ್ತಿಯೇ ಕಾಯಬೇಕಾಗುತ್ತದೆ, ಕಾಯಿರಿ.

ಇನ್ನೊಂದು. ಪಾರ್ಕಿಂಗಿನಲ್ಲಿ ಕೂಲಂಟ್ ಚೆಲ್ಲಿದರೆ ತಕ್ಷಣ ಬಟ್ಟೆಯಿಂದ ಒರೆಸಿ ತೊಳೆದುಬಿಡಿ. ಅದರ ರುಚಿ ಸಿಹಿ, ಆದರೆ ವಿಷ. ಸ್ವಲ್ಪ ನೆಕ್ಕಿದರೂ ಬೀದಿನಾಯಿಗಳ ಕಿಡ್ನಿ ಹೋಗಬಹುದು.