ಬಕೆಟ್ ಖಾಲಿ ಕಾಣುತ್ತಿದೆ, ಬಿಲ್ ಮಾತ್ರ ಇಳಿಯುತ್ತಿಲ್ಲ

ವಿಜಯಪುರದಿಂದ ನೀವು ಕೇಳಿರುವುದು ಇಷ್ಟು: ಅಮೆಜಾನಿನ ಆನ್‌ಲೈನ್ ಉಗ್ರಾಣವಾದ ಎಸ್3ಯ ಬಕೆಟ್‌ನಲ್ಲಿದ್ದ ಕಡತಗಳನ್ನೆಲ್ಲ ಪೈಥಾನ್ ಸ್ಕ್ರಿಪ್ಟ್ ಬರೆದು ಅಳಿಸಿದಿರಿ. ಪಟ್ಟಿ ತೆಗೆದರೆ ಒಂದೂ ಕಾಣುವುದಿಲ್ಲ. ಆದರೂ ಬಿಲ್ ಹಾಗೆಯೇ ಬರುತ್ತಿದೆ, ಬಕೆಟ್ ಅಳಿಸಲು ಹೋದರೆ ಅದು ಖಾಲಿಯಿಲ್ಲ ಎಂಬ ಉತ್ತರ ಬರುತ್ತದೆ.

ನಿಜವೆಂದರೆ ನೀವು ಇನ್ನೂ ಏನನ್ನೂ ಅಳಿಸಿಲ್ಲ. ನಿಮ್ಮ ಬಕೆಟ್‌ನಲ್ಲಿ ವರ್ಷನಿಂಗ್ ಚಾಲೂ ಇದೆ, ಅಂದರೆ ಪ್ರತಿ ಕಡತದ ಹಳೆಯ ಪ್ರತಿಗಳನ್ನೂ ಅದು ಬೇರೆ ಬೇರೆ ವರ್ಷನ್ ಐಡಿ ಕೊಟ್ಟು ಉಳಿಸಿಕೊಳ್ಳುತ್ತದೆ. ಅಂಥ ಕಡೆ ವರ್ಷನ್ ಐಡಿ ಕೊಡದೆ ಡಿಲೀಟ್ ಎಂದರೆ ಎಸ್3 ಆ ಕಡತದ ಮೇಲೆ ಒಂದು ಡಿಲೀಟ್ ಮಾರ್ಕರ್ ಇಟ್ಟು ಸುಮ್ಮನಾಗುತ್ತದೆ. ಶಟರ್ ಎಳೆದು ‘ಅಂಗಡಿ ಮುಚ್ಚಿದೆ’ ಎಂದು ಫಲಕ ತೂಗುಹಾಕಿದಂತೆ. ಸರಕೆಲ್ಲ ಒಳಗೇ ಇದೆ, ಬಾಡಿಗೆ ಓಡುತ್ತಲೇ ಇದೆ. ಇದರಲ್ಲಿ ಒಂದು ಅನುಕೂಲವೂ ಉಂಟು: ತಪ್ಪಿ ಅಳಿಸಿದ್ದು ಏನಾದರೂ ಇದ್ದರೆ ಆ ಮಾರ್ಕರ್ ಒಂದನ್ನೇ ತೆಗೆಯಿರಿ, ಕಡತ ಮರಳಿ ಕಾಣುತ್ತದೆ. ಮುಂದಿನ ಹೆಜ್ಜೆ ಇಡುವ ಮೊದಲು ಇದನ್ನು ಯೋಚಿಸಿ, ಏಕೆಂದರೆ ವರ್ಷನ್ ಐಡಿ ಕೊಟ್ಟು ಅಳಿಸಿದ್ದು ಮತ್ತೆ ಬರುವುದಿಲ್ಲ.

ನಾನು ಬೆಳಗಾವಿಯಲ್ಲಿ ಕುಳಿತು ಸಣ್ಣಪುಟ್ಟ ವ್ಯಾಪಾರಿಗಳ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಅದರಲ್ಲಿ ಇಳಕಲ್ಲಿನ ಒಂದು ಸೀರೆ ಅಂಗಡಿಯೂ ಇತ್ತು. ಸುಮಾರು ನಾಲ್ಕು ಸಾವಿರ ಫೋಟೋ, ಒಂದೊಂದು ಮೂರು ಎಂಬಿ, ಒಟ್ಟು 12 ಜಿಬಿ. ನಾನು ಬರೆದ ಸ್ಕ್ರಿಪ್ಟ್ ಪ್ರತಿ ರಾತ್ರಿ ಎಲ್ಲ ಫೋಟೋಗಳನ್ನೂ ಮತ್ತೆ ಅದೇ ಹೆಸರಿನಲ್ಲಿ ಏರಿಸುತ್ತಿತ್ತು. ಬದಲಾಗಿದ್ದೆಷ್ಟು ಎಂದು ಎಸ್3 ನೋಡುವುದಿಲ್ಲ. ಪ್ರತಿ ಸಲವೂ ಇಡೀ ಕಡತವೇ ಹೊಸ ವರ್ಷನ್ ಆಗಿ ಕೂರುತ್ತದೆ. 90 ರಾತ್ರಿ ಕಳೆಯುವಷ್ಟರಲ್ಲಿ 12 ಜಿಬಿ ಇದ್ದದ್ದು ಸಾವಿರ ಜಿಬಿ ದಾಟಿತ್ತು. ಅಂಗಡಿಯ ಮಾಲೀಕರು ಬಿಲ್ಲಿನ ಫೋಟೋ ಕಳಿಸಿ, ‘ಇದು ನಮ್ಮದೇ ಏನ್ರೀ?’ ಎಂದು ಕೇಳಿದ್ದರು.

ಈಗ ಕೋಡ್. ಪೈಥಾನ್‌ನಿಂದ ಎಸ್3 ಜೊತೆ ಮಾತಾಡುವ ಲೈಬ್ರರಿ ಬೋಟೋ3ಯಲ್ಲಿ ‘ಲಿಸ್ಟ್ ಆಬ್ಜೆಕ್ಟ್ ವರ್ಷನ್ಸ್’ ಎಂಬ ಕರೆ ಇದೆ, ಅದನ್ನು ಪುಟದ ಮೇಲೆ ಪುಟ ತರಿಸುವ ಪೇಜಿನೇಟರ್ ಮೂಲಕವೇ ಬಳಸಿ. ಒಂದು ಪುಟದಲ್ಲಿ ಹೆಚ್ಚೆಂದರೆ 1,000 ನಮೂದು ಬರುತ್ತವೆ. ಪೇಜಿನೇಟರ್ ಇಲ್ಲದಿದ್ದರೆ ಮೊದಲ ಸಾವಿರಕ್ಕೆ ಕೆಲಸ ಮುಗಿಯಿತೆಂದು ಸ್ಕ್ರಿಪ್ಟ್ ಕೈತೊಳೆದುಕೊಳ್ಳುತ್ತದೆ. ಪ್ರತಿ ಪುಟದಲ್ಲೂ ಎರಡು ಪಟ್ಟಿಗಳಿರುತ್ತವೆ, ಒಂದು ‘ವರ್ಷನ್ಸ್’, ಇನ್ನೊಂದು ‘ಡಿಲೀಟ್ ಮಾರ್ಕರ್ಸ್’. ಬಹಳ ಮಂದಿ ಎರಡನೆಯದನ್ನು ಮರೆಯುತ್ತಾರೆ, ಬಕೆಟ್ ಮತ್ತೆ ಖಾಲಿಯಿಲ್ಲ ಎನ್ನುತ್ತದೆ. ಎರಡರಿಂದಲೂ ಕೀ (ಕಡತದ ಪೂರ್ತಿ ಹೆಸರು) ಮತ್ತು ವರ್ಷನ್ ಐಡಿ ಜೋಡಿಗಳನ್ನು ಎತ್ತಿಕೊಂಡು ‘ಡಿಲೀಟ್ ಆಬ್ಜೆಕ್ಟ್ಸ್’ ಕರೆಗೆ ಕೊಡಿ. ಅದೂ ಒಂದು ಸಲಕ್ಕೆ ಸಾವಿರದವರೆಗೆ ತೆಗೆದುಕೊಳ್ಳುತ್ತದೆ. ಉತ್ತರ 200, ಅಂದರೆ ಯಶಸ್ವಿ, ಎಂದು ಬಂದರೂ ನಂಬಬೇಡಿ. ಉತ್ತರದೊಳಗಿನ ‘ಎರರ್ಸ್’ ಪಟ್ಟಿಯನ್ನು ತೆರೆದು ನೋಡಿ. ಅನುಮತಿ ಇಲ್ಲದ ಕಡತಗಳು ಸದ್ದಿಲ್ಲದೆ ಅಲ್ಲಿ ಕುಳಿತಿರುತ್ತವೆ. ವರ್ಷನ್ ಅಳಿಸಲು ‘ಡಿಲೀಟ್ ಆಬ್ಜೆಕ್ಟ್ ವರ್ಷನ್’ ಎಂಬ ಬೇರೆಯೇ ಅನುಮತಿ ಬೇಕು, ಬರೀ ‘ಡಿಲೀಟ್ ಆಬ್ಜೆಕ್ಟ್’ ಸಾಲದು.

ಬಕೆಟ್ ರಿಸೋರ್ಸ್ ತೆಗೆದುಕೊಂಡು ‘ಆಬ್ಜೆಕ್ಟ್ ವರ್ಷನ್ಸ್ ಡಾಟ್ ಡಿಲೀಟ್’ ಎಂದು ಒಂದೇ ಸಾಲಿನಲ್ಲಿ ಇಷ್ಟೂ ಕೆಲಸ ಮುಗಿಸಬಹುದು. ನನಗೆ ಆ ಸಾಲು ಕಂಡರೆ ಈಗಲೂ ಭಯ. ಇಳಕಲ್ಲಿನ ಬಕೆಟ್‌ನಲ್ಲಿ ನಾನು ಅದನ್ನೇ ಫಿಲ್ಟರ್ ಸಹಿತ ಓಡಿಸಿದೆ, ಪ್ರಿಫಿಕ್ಸ್ ‘ಫೋಟೋ/2023’ ಎಂದು. ಕೊನೆಯಲ್ಲಿ ಓರೆಗೆರೆ ಹಾಕಲಿಲ್ಲ. ಎಸ್3ಗೆ ಫೋಲ್ಡರ್ ಎಂಬುದೇ ಗೊತ್ತಿಲ್ಲ, ಅದು ನೋಡುವುದು ಹೆಸರಿನ ಆರಂಭದ ಅಕ್ಷರಗಳನ್ನು ಮಾತ್ರ. ‘ಫೋಟೋ/2023-ದೀಪಾವಳಿ’ ಕೂಡ ಅದೇ ಅಕ್ಷರಗಳಿಂದ ಶುರುವಾಗುತ್ತದಲ್ಲ! ಅದೂ ಹೋಯಿತು, ಎಲ್ಲ ವರ್ಷನ್‌ಗಳ ಸಮೇತ. ಮರುದಿನ ಕ್ಯಾಮೆರಾ ಹಿಡಿದು ಇಳಕಲ್ಲಿಗೆ ಬಸ್ ಹತ್ತಿದೆ. ಅಂಗಡಿಯಲ್ಲಿ ಉಳಿದಿದ್ದ ಸೀರೆಗಳನ್ನು ಒಂದೊಂದಾಗಿ ಬಿಚ್ಚಿ, ಗೋಮಿ ದಡಿ ಬೇರೆ, ತೋಪು ತೆನೆಯ ಸೆರಗು ಬೇರೆ, ಸೆರಗನ್ನು ಒಡಲಿಗೆ ಸೇರಿಸಿದ ಕೊಂಡಿ ಬೇರೆ ಎಂದು ಮತ್ತೆ ತೆಗೆದೆ. ಮಾರಿಹೋಗಿದ್ದ ಸೀರೆಗಳ ಫೋಟೋ ಹೋಗಿಯೇ ಹೋಯಿತು.

ಹಾಗಾಗಿ ಅಳಿಸುವ ಸಾಲಿನ ಜಾಗದಲ್ಲಿ ಮೊದಲು ಪ್ರಿಂಟ್ ಹಾಕಿ. ಕೀ, ವರ್ಷನ್ ಐಡಿ, ದಿನಾಂಕ, ‘ಈಸ್ ಲೇಟೆಸ್ಟ್’ (ಇತ್ತೀಚಿನದು ಹೌದೋ ಅಲ್ಲವೋ ಎಂಬ ಗುರುತು) ಇಷ್ಟನ್ನು ಒಂದು ಕಡತಕ್ಕೆ ಬರೆಸಿ ಕಣ್ಣಾಡಿಸಿ. ಹಳೆಯವು ಮಾತ್ರ ಹೋಗಬೇಕಿದ್ದರೆ ‘ಈಸ್ ಲೇಟೆಸ್ಟ್’ ನಿಜವಾಗಿರುವುದನ್ನು ಬಿಟ್ಟುಬಿಡಿ. ಆದರೆ ನಿಮ್ಮ ಬಕೆಟ್‌ನಲ್ಲಿ ಈಗ ಆ ಸ್ಥಾನದಲ್ಲಿ ಮಾರ್ಕರ್‌ಗಳೇ ಇವೆ, ಅದು ನೆನಪಿರಲಿ. ಎಲ್ಲವೂ ಹೋಗಬೇಕಿದ್ದರೆ ವರ್ಷನ್‌ಗಳನ್ನು ಮೊದಲು, ಮಾರ್ಕರ್‌ಗಳನ್ನು ಆಮೇಲೆ ಅಳಿಸಿ. ತಿರುಗಾಮುರುಗಾ ಮಾಡಿ ನಡುವೆ ಕರೆಂಟ್ ಹೋದರೆ ಸತ್ತ ಕಡತಗಳು ಎದ್ದು ಬಂದು ವೆಬ್‌ಸೈಟಿನಲ್ಲಿ ಕಾಣಿಸಿಕೊಳ್ಳುತ್ತವೆ.

ಅವಸರ ಇಲ್ಲದಿದ್ದರೆ ಕೋಡ್ ಬೇಡವೇ ಬೇಡ. ಲೈಫ್‌ಸೈಕಲ್ ನಿಯಮದಲ್ಲಿ ಹಳೆಯ ವರ್ಷನ್‌ಗಳಿಗೆ ಇಷ್ಟು ದಿನ ಎಂದು ಹೇಳಿದರೆ ಎಸ್3 ತಾನೇ ಗುಡಿಸುತ್ತದೆ. ಅಲ್ಲಿಯೇ ಅರ್ಧಕ್ಕೆ ನಿಂತ ಮಲ್ಟಿಪಾರ್ಟ್ (ದೊಡ್ಡ ಕಡತವನ್ನು ತುಂಡು ತುಂಡಾಗಿ ಏರಿಸುವ) ಅಪ್‌ಲೋಡ್‌ಗಳನ್ನು ತೆಗೆಯುವ ನಿಯಮವನ್ನೂ ಹಾಕಿ. ಅವು ಕಡತಗಳ ಪಟ್ಟಿಯಲ್ಲೂ ವರ್ಷನ್‌ಗಳ ಪಟ್ಟಿಯಲ್ಲೂ ಕಾಣದೆ ದುಡ್ಡು ತಿನ್ನುತ್ತವೆ. ವರ್ಷನಿಂಗ್ ಅನ್ನು ಅಮಾನತಿನಲ್ಲಿಟ್ಟರೆ ಸಾಕಲ್ಲವೇ ಎಂದೂ ಕೇಳಿದ್ದೀರಿ. ಸಾಲದು. ಹೊಸ ವರ್ಷನ್ ಸೇರುವುದು ನಿಲ್ಲುತ್ತದೆ, ಹಳೆಯವು ಅಲ್ಲೇ ಇರುತ್ತವೆ.

ಪಟ್ಟಿಯ ಮೊದಲ ಐವತ್ತು ಸಾಲುಗಳನ್ನು ಪ್ರಿಂಟ್ ಮಾಡಿ ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ. ಸ್ಕ್ರಿಪ್ಟ್ ಅನ್ನೂ ಹಾಕಿ, ಅದರ ತಲೆಯಲ್ಲಿರುವ, ನಿಮ್ಮ ಖಾತೆಯ ಗುಟ್ಟಿನ ಆಕ್ಸೆಸ್ ಕೀ ಅಳಿಸಿದ ಮೇಲೆ.