ರೋಮನ್ ಅಂಕಿಯಲ್ಲಿ 99ಕ್ಕೆ ‘ಐಸಿ’ (IC) ಯಾಕೆ ತಪ್ಪು?
ನೂರರಲ್ಲಿ ಒಂದು ಕಳೆದರೆ 99, ಹಾಗಿದ್ರೆ ಮಗಳು ಬರೆದ ‘ಐಸಿ’ ಸರಿ ಅಲ್ವಾ ಅಂತ ಕೇಳಿದ್ದೀರಿ. ಅವಳ ಲೆಕ್ಕ ಸರಿ, ಬರೆಯೋ ರೀತಿ ತಪ್ಪು. ಕಳೆಯೋಕೆ ಐ (1) ಬರೋದು ವಿ (5), ಎಕ್ಸ್ (10) ಎಡಕ್ಕೆ ಮಾತ್ರ. ಹಾಗೇ ಎಕ್ಸ್ ಬರೋದು ಎಲ್ (50), ಸಿ (100) ಎಡಕ್ಕೆ, ಸಿ ಬರೋದು ಡಿ (500), ಎಂ (1000) ಎಡಕ್ಕೆ. ಅದಕ್ಕೇ ಮೊದಲು ಸಂಖ್ಯೆ ಒಡೆಯಲಿ: 90 ಅಂದ್ರೆ ಎಕ್ಸ್‌ಸಿ, 9 ಅಂದ್ರೆ ಐಎಕ್ಸ್, ಪಕ್ಕಪಕ್ಕ ಇಟ್ಟರೆ ಎಕ್ಸ್‌ಸಿಐಎಕ್ಸ್. ಕಲಬುರಗಿಯಲ್ಲಿ 371ಜೆ (ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ ವಿಧಿ) ಕೇಳದ ಮನೆ ಇಲ್ಲ, ಅದರ 371ರಿಂದಲೇ ಅಭ್ಯಾಸ ಮಾಡಿಸಿ: 300 ಸಿಸಿಸಿ, 70 ಎಲ್‌ಎಕ್ಸ್‌ಎಕ್ಸ್, ಕೊನೆಗೆ ಒಂದು ಐ. ಆ ವಿಧಿ ತಂದ ಸಂವಿಧಾನದ 98ನೇ ತಿದ್ದುಪಡಿಯ ಸಂಖ್ಯೆಯನ್ನೂ ಬರೆಸಿ, ಎಕ್ಸ್‌ಸಿವಿಐಐಐ. ಗೋಡೆ ಗಡಿಯಾರದಲ್ಲಿ 4ಕ್ಕೆ ಐಐಐಐ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಗಡಿಯಾರದವರ ಹಳೇ ರೂಢಿ. ಪರೀಕ್ಷೆಯಲ್ಲಿ ಐವಿ ಅಂತಲೇ ಬರೀಲಿ.